ಸಂತೆಯಿಂದ ತಂದ ತರಕಾರಿ ಫ್ರಿಜ್‌ನಲ್ಲೇ ಕೊಳೆಯುತ್ತಿದೆ, ಏನು ಮಾಡಲಿ?

ಹೇಮಾವತಿ ದಡ (ಹಾಸನ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 51. ಹಾಸನದಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಮಗಳು ಬಾಣಂತನಕ್ಕೆ ಇಲ್ಲಿಗೇ ಬರಬೇಕಿತ್ತು. ಡಾಕ್ಟರು ಪ್ರಯಾಣ ಬೇಡ ಅಂದಿದ್ದಕ್ಕೆ ನನ್ನ ಹೆಂಡತಿಯೇ ಬೆಂಗಳೂರಿಗೆ ಹೋದಳು. ಹೋಗಿ ಮೂರು ವಾರ ಆಯಿತು, ಇನ್ನೂ ಎರಡು ತಿಂಗಳು ಬರುವುದಿಲ್ಲ. ಮನೆಯಲ್ಲಿ ಈಗ ನಾನು, 76 ವರ್ಷದ ಅಮ್ಮ, ಸೆಕೆಂಡ್ ಪಿಯುಸಿ ಓದುವ ಮಗ. ಅಮ್ಮನಿಗೆ ಮಂಡಿ ನೋವು, ಹತ್ತು ನಿಮಿಷದ ಮೇಲೆ ನಿಲ್ಲುವುದಕ್ಕೆ ಆಗುವುದಿಲ್ಲ. ಹಾಗಾಗಿ ಅಡುಗೆ ನನ್ನ ತಲೆಗೆ ಬಂತು. ಅನ್ನ, ಬೇಳೆ ಸಾರು, ಉಪ್ಪಿಟ್ಟು, ಚಿತ್ರಾನ್ನ. ನನಗೆ ಬರುತ್ತಿದ್ದುದು ಅಷ್ಟೇ.

ಇದರ ನಡುವೆ ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆ ತೋರಿಸುತ್ತಾರಲ್ಲ, ಅದು 6.1 ಬಂತು. ಶುಗರ್ ಅಂತ ಹೇಳುವ ಹಾಗಿಲ್ಲ, ಆದರೆ ಬಾಗಿಲಿಗೆ ಬಂದು ನಿಂತಿದೆ ಅಂದರು. ಮಾತ್ರೆ ಈಗಲೇ ಬೇಡ, ಅನ್ನ ಕಮ್ಮಿ ಮಾಡಿ, ತರಕಾರಿ ಜಾಸ್ತಿ ಮಾಡಿ, ದಿನಾ ನಡೆಯಿರಿ ಅಂದರು. ಹೇಳಿದ್ದು ಎರಡೇ ನಿಮಿಷದಲ್ಲಿ. ಜಾಸ್ತಿ ಅಂದರೆ ಎಷ್ಟು ಅಂತ ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು.

ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಶುರು ಮಾಡಿದೆ. ಬ್ರೊಕೊಲಿ ತಂದೆ, ಆಲಿವ್ ಎಣ್ಣೆಯ ಸಣ್ಣ ಬಾಟಲಿ ತಂದೆ. (ಅದರ ದುಡ್ಡಿಗೆ ನಾನು ಎಷ್ಟು ಜೆರಾಕ್ಸ್ ತೆಗೆಯಬೇಕು ಅಂತ ಲೆಕ್ಕ ಹಾಕಿ ಸುಮ್ಮನಾದೆ.) ಬ್ರೊಕೊಲಿ, ಕ್ಯಾರೆಟ್, ಬೀನ್ಸ್ ಬೇಯಿಸಿ, ನೀರು ಚೆಲ್ಲಿ, ಮೇಲೆ ಉಪ್ಪು ಮೆಣಸಿನ ಪುಡಿ ಉದುರಿಸಿ ತಟ್ಟೆಗೆ ಹಾಕಿದೆ. ಅಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿ, "ಯಾರ್ಗೋ ಉಸಾರಿಲ್ಲ?" ಅಂದರು. ಮಗ ಎದ್ದು ಹೋಗಿ ಗೋಬಿ ಮಂಚೂರಿ ತಿಂದು ಬಂದ. ಕೇಳಿದರೆ "ಅಪ್ಪಾ, ಅದೂ ತರಕಾರಿನೇ ಅಲ್ವಾ" ಅನ್ನುತ್ತಾನೆ.

ಮಂಗಳವಾರ ಸಂತೆಗೆ ಹೋದರೆ ಕೈ ತಡೆಯುವುದಿಲ್ಲ. ಈಗ ಡಿಸೆಂಬರ್ ಬೇರೆ, ಅವರೆಕಾಯಿ ರಾಶಿ, ಮೆಂತ್ಯ, ಸಬ್ಬಸಿಗೆ, ಎಲ್ಲ ತಾಜಾ. ಎರಡು ಚೀಲ ತುಂಬುತ್ತೇನೆ. ಶುಕ್ರವಾರ ಫ್ರಿಜ್ ತೆಗೆದರೆ ಪ್ಲಾಸ್ಟಿಕ್ ಕವರಿನ ತಳದಲ್ಲಿ ಮೆಂತ್ಯ ಸೊಪ್ಪು ಕಪ್ಪು ನೀರಾಗಿರುತ್ತದೆ. ಹೋದ ವಾರ ಎರಡು ಕಟ್ಟು ಮೆಂತ್ಯ, ಅರ್ಧ ಕೆಜಿ ಬೀನ್ಸ್, ನಾಲ್ಕು ಸೀಬೆಹಣ್ಣು ಪಕ್ಕದ ಮನೆ ಹಸುವಿಗೆ ಹೋಯಿತು. ಊರಿಗೆಲ್ಲ ಚೆನ್ನಾಗಿ ತಿನ್ನುತ್ತಿರುವುದು ಆ ಹಸು ಒಂದೇ.

ಆಸ್ಪತ್ರೆ ಊಟದ ಹಾಗೆ ಇರಬಾರದು, ಅಮ್ಮನೂ ತಿನ್ನಬೇಕು, ಮಗನೂ ತಿನ್ನಬೇಕು. ಅಂಗಡಿ ತೆಗೆಯುವುದು ಒಂಬತ್ತೂವರೆಗೆ, ಅಷ್ಟರೊಳಗೆ ಮುಗಿಯಬೇಕು. ಮೂರು ಬೇರೆ ಬೇರೆ ಅಡುಗೆ ನನ್ನ ಕೈಲಿ ಆಗುವುದಿಲ್ಲ. ಗೊತ್ತಿರುವವರು ಹೇಳಿ.


ಹೊಳೆನರಸೀಪುರದ ಸೊಸೆ

ಅಣ್ಣಾ, ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನಿಸಿತು.

ಬ್ರೊಕೊಲಿ ಯಾಕೆ ಬೇಕಿತ್ತು? ಹಾಸನದಲ್ಲಿ ಇದ್ದುಕೊಂಡು, ಮನೆಯಲ್ಲಿ ಅಮ್ಮನನ್ನು ಇಟ್ಟುಕೊಂಡು! ತರಕಾರಿ ಬೇಯಿಸಿ ನೀರು ಚೆಲ್ಲಿದೆ ಅಂತ ಬರೆದಿದ್ದೀರಲ್ಲ, ಅಲ್ಲೇ ತಪ್ಪಿದ್ದು. ನಮ್ಮ ಕಡೆ ಆ ನೀರೇ ಸಾರು. ಬಸ್ಸಾರು ಮಾಡಿ. ಒಂದೇ ಪಾತ್ರೆಯಿಂದ ಸಾರೂ ಬರುತ್ತದೆ, ಪಲ್ಯವೂ ಬರುತ್ತದೆ. ನಾನು ಮಾಡುವ ಹಾಗೆ ಹೇಳುತ್ತೇನೆ, ಮೂರು ಜನಕ್ಕೆ.

ಕಾಳು ಒಂದು ಟೀ ಲೋಟ. ತಡಗಣಿ ಆದರೆ ರಾತ್ರಿ ನೆನೆಸಿಡಿ, ತೊಗರಿಬೇಳೆ ಆದರೆ ನೆನೆಸುವುದು ಬೇಡ. ಸೊಪ್ಪು ನಾಲ್ಕು ಕಟ್ಟು: ದಂಟು ಎರಡು, ಕೀರೆ ಒಂದು, ಸಬ್ಬಸಿಗೆ ಒಂದು. ಸಬ್ಬಸಿಗೆ ಬಿಡಬೇಡಿ, ಘಮ ಅದರದ್ದೇ. ಕಾಳನ್ನು ಧಾರಾಳ ನೀರಿಟ್ಟು ಮುಕ್ಕಾಲು ಭಾಗ ಬೇಯಿಸಿ. ಎರಡು ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಹಿಟ್ಟಾಗಬಾರದು. ಆಮೇಲೆ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ. ಮುಚ್ಚಳ ಬೇಡ, ಐದಾರು ನಿಮಿಷ ಸಾಕು. ಕುಕ್ಕರಿಗೆ ಮಾತ್ರ ಸೊಪ್ಪು ಹಾಕಬೇಡಿ, ಬಣ್ಣ ಕೆಟ್ಟು ಲೋಳೆ ಲೋಳೆ ಆಗುತ್ತದೆ. ಹಸಿರು ಇನ್ನೂ ಹಸಿರಾಗಿ ಇರುವಾಗಲೇ ಬಸಿದುಕೊಳ್ಳಿ. ಬಸಿದ ನೀರೇ ಕಟ್ಟು.

ಈಗ ಖಾರ. ಒಂದು ಈರುಳ್ಳಿ, ಒಂದು ಪೂರ್ತಿ ಗೆಡ್ಡೆ ಬೆಳ್ಳುಳ್ಳಿ, ಜೀರಿಗೆ, ಆರೇಳು ಕಾಳು ಮೆಣಸು, ಇಷ್ಟನ್ನು ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ ಬಾಡಿಸಿ. ಗೋಲಿ ಗಾತ್ರದ ಹುಣಸೆಹಣ್ಣು, ಎರಡು ಚಮಚ ಸಾರಿನ ಪುಡಿ ಸೇರಿಸಿ ರುಬ್ಬಿ. ಎಲ್ಲರೂ ಇಲ್ಲಿ ಅರ್ಧ ಹೋಳು ಕಾಯಿ ಹಾಕುತ್ತಾರೆ. ನಾನು ಎರಡೇ ಚಮಚ ಕಾಯಿತುರಿ ಹಾಕಿ, ಅದರ ಜಾಗಕ್ಕೆ ಬೆಂದ ಸೊಪ್ಪು ಕಾಳನ್ನೇ ಎರಡು ಹಿಡಿ ಹಾಕಿ ರುಬ್ಬುತ್ತೇನೆ. ಸಾರು ಮಂದವಾಗಿ ಬರುತ್ತದೆ. ಕಾಯಿ ಕಮ್ಮಿ ಆಗಿದೆ ಅಂತ ನಮ್ಮ ಅತ್ತೆಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ರುಬ್ಬಿದ್ದನ್ನು ಕಟ್ಟಿಗೆ ಹಾಕಿ ಎರಡು ಕುದಿ ಕುದಿಸಿ.

ಉಳಿದ ಸೊಪ್ಪು ಕಾಳಿಗೆ ಸಾಸಿವೆ, ಒಣಮೆಣಸು, ಬೆಳ್ಳುಳ್ಳಿ ಒಗ್ಗರಣೆ. ಪಲ್ಯ ಆಯಿತು. ಒಟ್ಟು ನಲವತ್ತು ನಿಮಿಷ. ಮೊದಲ ಸಲ ಒಂದು ಗಂಟೆ ಅಂತ ಇಟ್ಟುಕೊಳ್ಳಿ.

ಒಂದೇ ಒಂದು ಬದಲಾವಣೆ ಮಾಡಿಕೊಳ್ಳಿ ಅಣ್ಣಾ. ನಾವು ದೊಡ್ಡ ಮುದ್ದೆ ಇಟ್ಟು ಪಕ್ಕದಲ್ಲಿ ಎರಡು ಚಮಚ ಪಲ್ಯ ಬಡಿಸಿಕೊಳ್ಳುತ್ತೇವೆ. ಅದನ್ನು ತಿರುಗಿಸಿ. ಮುದ್ದೆ ಕಿತ್ತಳೆ ಗಾತ್ರ, ಪಲ್ಯ ಒಂದು ಬಟ್ಟಲು ತುಂಬ.


ಊಟದ ಲೆಕ್ಕ (ಚಿಕ್ಕಮಗಳೂರು)

ನಾನು ಜನರಿಗೆ ಪಥ್ಯ ಹೇಳುವ ಕೆಲಸದಲ್ಲಿ 14 ವರ್ಷದಿಂದ ಇದ್ದೇನೆ. ಸೊಸೆ ಅಕ್ಕ ಹೇಳಿದ್ದು ಪೂರ್ತಿ ಸರಿ. ಸೊಪ್ಪು ತರಕಾರಿಯಲ್ಲಿರುವ ಸಿ ವಿಟಮಿನ್, ಫೋಲೇಟ್ ನೀರಿಗೆ ಇಳಿಯುತ್ತವೆ. ಸ್ವಲ್ಪ ಬಿಸಿಗೂ ಹಾಳಾಗುತ್ತವೆ, ಅದಕ್ಕೇನೂ ಮಾಡುವ ಹಾಗಿಲ್ಲ. ಆದರೆ ನೀರಿಗೆ ಇಳಿದದ್ದು ಕಟ್ಟಿನಲ್ಲಿ ಉಳಿಯುತ್ತದೆ. ಪಥ್ಯ ಕೇಳಿಕೊಂಡು ಬರುವವರಿಗೆ ಇದನ್ನು ಹೇಳಿದರೆ "ಅಷ್ಟೇನಾ ಮೇಡಂ" ಅಂತ ಮುಖ ನೋಡುತ್ತಾರೆ. ಪುಡಿ ಡಬ್ಬಿ ಬರೆದುಕೊಟ್ಟರೆ ಮಾತ್ರ ಖುಷಿ.

ಜಾಸ್ತಿ ಅಂದರೆ ಎಷ್ಟು ಅಂತ ಕೇಳಿದ್ದೀರಿ, ಸಾರ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸೊಪ್ಪು ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತ ಇದೆ. ಅಮ್ಮನಿಗೆ ಅಷ್ಟು ಹೋಗಲಿಕ್ಕಿಲ್ಲ. ಆದರೂ ಮೂರು ಜನಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಕೆಜಿ ದಾಟುತ್ತದೆ. ವಾರಕ್ಕೆ ಏಳೆಂಟು ಕೆಜಿ. ನಿಮ್ಮ ಎರಡು ಚೀಲ ಜಾಸ್ತಿ ಏನಲ್ಲ, ತಿನ್ನುವುದು ಕಮ್ಮಿ.

ಮತ್ತೆ, ಆ ಚೀಲದಲ್ಲಿ ಆಲೂಗಡ್ಡೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಅಂತ ಹೇಳುವಾಗ ಆಲೂಗಡ್ಡೆ, ಗೆಣಸು, ಮರಗೆಣಸನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಅವು ಅನ್ನದ ಪಕ್ಕ ಕೂರಬೇಕಾದವು. ಹಾಸನದವರಿಗೆ ಈ ಮಾತು ಹೇಳುವುದಕ್ಕೆ ನನಗೂ ಹೆದರಿಕೆಯೇ. ಹಿತಕಿದ ಅವರೆಬೇಳೆಯೂ ಅಷ್ಟೇ, ಅದನ್ನು ಬೇಳೆ ಲೆಕ್ಕಕ್ಕೆ ಹಾಕಿ.

ಎಣ್ಣೆ ಒಬ್ಬರಿಗೆ ದಿನಕ್ಕೆ 27 ಗ್ರಾಂ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಚಮಚ ಹಿಡಿದು ಅಳೆಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ನಾನು ಹೇಳುವ ಉಪಾಯ ಇದು: ಕ್ಯಾನ್ ತೆಗೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಸುತ್ತ ಬರುತ್ತದೆ. ಐದು ಲೀಟರ್ ಕ್ಯಾನ್ ತಿಂಗಳೊಳಗೆ ಖಾಲಿ ಆಗುತ್ತಿದ್ದರೆ ಎಲ್ಲೋ ಕರಿಯುತ್ತಿದ್ದೀರಿ. ಉಪ್ಪಿಗೂ ಹೀಗೇ. ಒಬ್ಬರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಮ್ಮಿ, ಅಂದರೆ ನಾಲ್ಕು ಜನರ ಮನೆಯಲ್ಲಿ ಒಂದು ಕೆಜಿ ಪ್ಯಾಕೆಟ್ ಒಂದೂವರೆ ತಿಂಗಳಾದರೂ ಬರಬೇಕು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಅದರೊಳಗೇ ಬರಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ.

ಮುದ್ದೆ ವಿಷಯಕ್ಕೆ ಒಂದು ಮಾತು. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಅಂತ ಮೂರು ಮುದ್ದೆ ತಿನ್ನುವವರನ್ನು ನೋಡಿದ್ದೇನೆ. ರಾಗಿಯಲ್ಲಿ ಸುಣ್ಣದ ಅಂಶ ತುಂಬ ಇದೆ, 100 ಗ್ರಾಮಿಗೆ 300 ಮಿಲಿಗ್ರಾಂ ಮೇಲೆ. ನಾರೂ ಇದೆ. ಆದರೆ ಅದರ ಹೆಚ್ಚಿನ ಪಾಲು ಪಿಷ್ಟವೇ. ಕಿತ್ತಳೆ ಗಾತ್ರ ಅಂದರಲ್ಲ, ಅದು ಸರಿ.

ನಮ್ಮ ಜಿಲ್ಲೆಯವಳಾಗಿ ಇನ್ನೊಂದು ಹೇಳಬಾರದು, ಆದರೂ ಹೇಳುತ್ತೇನೆ. ಊಟ ಆದ ತಕ್ಷಣ ಕಾಫಿ ಕುಡಿಯಬೇಡಿ. ಸೊಪ್ಪಿನ ಕಬ್ಬಿಣದ ಅಂಶವನ್ನು ಮೈ ಹೀರಿಕೊಳ್ಳುವುದಕ್ಕೆ ಅದು ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಉಲ್ಟಾ, ಹೀರಿಕೊಳ್ಳುವುದು ಜಾಸ್ತಿ ಆಗುತ್ತದೆ.

ಕಿಡ್ನಿ ತೊಂದರೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಸ್ಸಾರಿನ ಈ ಮಾತು ನಿಮಗಲ್ಲ. ಪೊಟ್ಯಾಸಿಯಂ ಕೂಡ ಆ ನೀರಿಗೇ ಇಳಿಯುತ್ತದೆ. ನಿಮ್ಮ ಡಾಕ್ಟರನ್ನು ಕೇಳಿ.


ಕಡೂರು ಕೊಬ್ಬರಿ

ಎರಡು ಚಮಚ ಕಾಯಿತುರಿ ಹಾಕಿದ ಬಸ್ಸಾರಾ? ಅಕ್ಕಾ, ನಮ್ಮ ತೋಟದ ಮರಗಳು ಇದನ್ನು ಓದಿದರೆ ಅಳುತ್ತವೆ.

ತಮಾಷೆ ಬಿಡಿ. ಮಗನ ವಿಷಯಕ್ಕೆ ನಾನು ಹೇಳುತ್ತೇನೆ, ನನ್ನ ಮನೆಯಲ್ಲೂ ಅಂಥದ್ದೇ ಒಂದು ಇದೆ. ಬೈದರೆ ಗೋಬಿ ನಿಲ್ಲುವುದಿಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡಿದಾಗ ಪೇಪರ್ ತೋರಿಸಿದೆ. "ಬಣ್ಣ ಇಲ್ಲದ್ದು ತಿಂತೀನಿ ಬಿಡಪ್ಪ" ಅಂದ. ಆಮೇಲೆ ನಾವೇ ಮನೆಯಲ್ಲಿ ಶುರು ಮಾಡಿದೆವು. ಹೂಕೋಸು ಬಿಡಿಸಿ, ಬಿಸಿ ಉಪ್ಪು ನೀರಲ್ಲಿ ಐದು ನಿಮಿಷ ಇಟ್ಟು ಹುಳ ತೆಗೆದು, ಕಬ್ಬಿಣದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೆ ಹುರಿಯುವುದು. ಕಾರ್ನ್‌ಫ್ಲೋರ್ ಇಲ್ಲ. ಬೆಳ್ಳುಳ್ಳಿ, ಮೆಣಸಿನ ಪುಡಿ, ದಪ್ಪಮೆಣಸಿನಕಾಯಿ, ಕೊನೆಯಲ್ಲಿ ನಿಂಬೆಹಣ್ಣು. ಬೀದಿ ಗೋಬಿಯ ಹಾಗಾ? ಇಲ್ಲ. ಆದರೆ ಒಂದು ಪೂರ್ತಿ ಹೂಕೋಸು ಖಾಲಿ ಆಗುತ್ತದೆ. ಬೆಂಕಿ ಜೋರಾಗಿ ಇರಲಿ, ಮುಚ್ಚಳ ಮುಚ್ಚಬೇಡಿ. ಮುಚ್ಚಿದಿರೋ, ಹಬೆಗೆ ಬೆಂದು ಮತ್ತೆ ಆಸ್ಪತ್ರೆ ಊಟ.

ಆಲೂಗಡ್ಡೆ ತರಕಾರಿ ಅಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಮೇಡಂ ಜೊತೆ ಜಗಳ ಬೇಡ.


ಕೊಟ್ಟಿಗೆಹಾರದ ಮಳೆ

ಫ್ರಿಜ್ ವಿಷಯ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ನಾವು ಪೇಟೆಗೆ ಹೋಗುವುದೇ ವಾರಕ್ಕೊಮ್ಮೆ, ಹಾಗಾಗಿ ಇದು ನಮಗೆ ರೂಢಿ.

ಸೊಪ್ಪು ತಂದ ತಕ್ಷಣ ಕಟ್ಟು ಬಿಚ್ಚಿ. ಆ ಬಾಳೆ ನಾರು ಕಟ್ಟಿದ ಜಾಗದಲ್ಲೇ ಮೊದಲು ಕೊಳೆಯುವುದು. ಬೇರು ಕತ್ತರಿಸಿ, ಹಳದಿ ಎಲೆ ಕಿತ್ತು ಹಾಕಿ, ತೊಳೆಯದೆ ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಹಳೇ ಪಂಚೆ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ತೊಳೆಯುವುದು ಹೆಚ್ಚುವ ಮುಂಚೆ, ಮೂರು ನೀರಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿಟ್ಟರೆ ನಿಮ್ಮ ಮೆಂತ್ಯದ ಗತಿಯೇ.

ಮತ್ತೆ ತಿನ್ನುವುದಕ್ಕೂ ಒಂದು ಸರದಿ ಬೇಕು. ಸಂತೆ ದಿನ, ಮರುದಿನ ಸೊಪ್ಪು. ಗುರುವಾರ, ಶುಕ್ರವಾರ ಬೀನ್ಸ್, ತೊಂಡೆ, ಬದನೆ. ವಾರದ ಕೊನೆಗೆ ಸೀಮೆಬದನೆ, ಸಿಹಿಕುಂಬಳ, ಸುವರ್ಣಗೆಡ್ಡೆ. ಅವು ಹೊರಗಿದ್ದರೂ ಕಾಯುತ್ತವೆ. ನೀವು ಬಹುಶಃ ಮಂಗಳವಾರ ಕುಂಬಳಕಾಯಿ ಹೆಚ್ಚಿ ಶುಕ್ರವಾರ ಮೆಂತ್ಯ ಹುಡುಕಿದ್ದೀರಿ.

ಸೋಮವಾರ ಏನೂ ಇಲ್ಲದಾಗ ನಮಗೆ ತಂಬುಳಿ. ಒಂದು ಹಿಡಿ ದೊಡ್ಡಪತ್ರೆಯನ್ನು ಜೀರಿಗೆ, ನಾಲ್ಕು ಕಾಳು ಮೆಣಸಿನ ಜೊತೆ ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ಕಾಯಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕದಡುವುದು. ಕುದಿಸುವುದಿಲ್ಲ. ಒಂದೆಲಗ ಆದರೆ ಬಾಡಿಸುವುದೂ ಬೇಡ, ಹಸಿಯೇ ರುಬ್ಬುತ್ತೇವೆ. ದೊಡ್ಡಪತ್ರೆ ಕಡ್ಡಿ ಮುರಿದು ಕುಂಡದಲ್ಲಿ ನೆಟ್ಟರೆ ಸಾಕು, ಜೆರಾಕ್ಸ್ ಅಂಗಡಿ ಮುಂದೆಯೂ ಬೆಳೆಯುತ್ತದೆ.

ಹಣ್ಣಿನ ಬಗ್ಗೆ. ಜ್ಯೂಸ್ ಮಾಡಬೇಡಿ. ಮೂರು ಕಿತ್ತಳೆ ಹಿಂಡಿದರೆ ಒಂದು ಲೋಟ, ಎರಡು ಗುಟುಕಿಗೆ ಖಾಲಿ, ನಾರೆಲ್ಲ ಬುಟ್ಟಿಗೆ. ಅದೇ ಮೂರು ಕಿತ್ತಳೆ ತೊಳೆ ಬಿಡಿಸಿಕೊಂಡು ತಿನ್ನಿ ನೋಡೋಣ, ಎರಡನೆಯದಕ್ಕೇ ಸಾಕಾಗುತ್ತದೆ. ನಿಮಗೆ ಈಗ ಸೀಬೆ ಒಳ್ಳೆಯದು, ತೀರಾ ಹಣ್ಣಾಗದೆ ಕಡಿಯುವ ಹಾಗೆ ಇರುವುದು. ಸಿ ವಿಟಮಿನ್ ಅದರಲ್ಲಿ ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು. ಸಂಜೆ ನಾಲ್ಕೂವರೆಗೆ ಅಂಗಡಿಯಲ್ಲಿ ಬೋಂಡಾ ನೆನಪಾಗುತ್ತದಲ್ಲ, ಆಗ ತಿನ್ನಿ. ಮನೆಯ ಫ್ರಿಜ್‌ನಲ್ಲಿ ಇಟ್ಟ ಹಣ್ಣು ಯಾರಿಗೂ ನೆನಪಾಗುವುದಿಲ್ಲ. ಅಂಗಡಿಯ ಮೇಜಿನ ಮೇಲೆ ಇಟ್ಟುಕೊಳ್ಳಿ.


ಹೇಮಾವತಿ ದಡ

ಹನ್ನೆರಡು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ಮೊದಲ ಬಸ್ಸಾರು ಹಾಳಾಯಿತು. ಕಾಳು ಸರಿಯಾಗಿ ಬೆಂದಿತ್ತು, ಬೆರಳಲ್ಲಿ ಒತ್ತಿಯೂ ನೋಡಿದೆ. ಸೊಪ್ಪು ಹಸಿರಾಗಿಯೇ ಇತ್ತು. ತೂತಿನ ಪಾತ್ರೆ ತೆಗೆದುಕೊಂಡು ಹೋಗಿ ಸಿಂಕಿನ ಮೇಲೆ ಹಿಡಿದು ಬಸಿದೆ. ಕೆಳಗೆ ಪಾತ್ರೆ ಇಡಲಿಲ್ಲ. ನೂಡಲ್ಸ್ ಬಸಿದ ಅಭ್ಯಾಸ. ಕಟ್ಟೆಲ್ಲ ಗುಳುಗುಳು ಅಂತ ಹೋದ ಮೇಲೆ ತಲೆಗೆ ಬಂತು. ಅಮ್ಮ ಹಾಲಿನಲ್ಲಿ ಕೂತಲ್ಲಿಂದಲೇ ಸದ್ದು ಕೇಳಿ, "ಸಾರು ಬಚ್ಚಲಿಗೆ ಓಯ್ತಲ್ಲೋ" ಅಂದರು. ಅವತ್ತು ಪಲ್ಯ ಮಾತ್ರ.

ಎರಡನೇ ಸಲ ಅಮ್ಮ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸೊಪ್ಪು ಬಿಡಿಸುವುದು ಈಗ ಅವರದೇ ಖಾತೆ. ಬಿಡಿಸುತ್ತಾ, ಇದೇನು ಬರೀ ದಂಟು, ನಮ್ಮ ಕಾಲದಲ್ಲಿ ಅಣ್ಣೆ, ಗಣಿಕೆ, ಹೊನಗೊನೆ, ಗೋಣಿ ಎಲ್ಲ ಸೇರಿಸಿ ಬೆರಕೆ ಸೊಪ್ಪು ತರುತ್ತಿದ್ದೆವು ಅಂತ ಶುರು ಮಾಡಿದರು. ಹೋದ ಮಂಗಳವಾರ ಸಂತೆಯಲ್ಲಿ ಒಬ್ಬ ಅಜ್ಜಿ ಗೋಣಿಚೀಲದ ಮೇಲೆ ಬೆರಕೆ ಸೊಪ್ಪು ಇಟ್ಟುಕೊಂಡು ಕೂತಿದ್ದರು. ನಾನು ಇಷ್ಟು ವರ್ಷ ಅದನ್ನು ದನದ ಮೇವು ಅಂದುಕೊಂಡು ದಾಟಿ ಹೋಗಿದ್ದೆ. ಎರಡು ಹಿಡಿ ತಂದೆ. ಅಮ್ಮ ಒಂದೊಂದೇ ಎಲೆ ಎತ್ತಿ ಹೆಸರು ಹೇಳಿದರು. ಎರಡು ಕಡ್ಡಿಯನ್ನು ಮಾತ್ರ ಪಕ್ಕಕ್ಕೆ ಎಸೆದರು. ಯಾಕೆ ಅಂದರೆ "ಇದ್ಯಾವ್ದೋ ಗೊತ್ತಿಲ್ಲ" ಅಂದರು. ಗೊತ್ತಿಲ್ಲದ್ದು ಹಾಕುವುದಿಲ್ಲವಂತೆ. ಆ ಸಾರಿಗೆ ಅವರೇ ಎರಡನೇ ಸಲ ಕೈ ನೀಡಿದರು.

ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇತ್ತು, ಸಂತೆ ಚೀಲ ತೂಗಿದೆ. 9 ಕೆಜಿ 200 ಗ್ರಾಂ. ಅದರಲ್ಲಿ ಆಲೂಗಡ್ಡೆ ಎರಡೂವರೆ ಕೆಜಿ! ಮೇಡಂ ಹೇಳಿದ್ದು ನಾಟಿತು. ಈ ವಾರ ಒಂದೇ ಕೆಜಿ ತಂದೆ. ಅಂಗಡಿಯವನು "ಯಾಕಣ್ಣ, ಮನೇಲಿ ಯಾರೂ ಇಲ್ವಾ" ಅಂದ.

ಮಗ ಮನೆ ಗೋಬಿ ತಿಂದ. "ಪರವಾಗಿಲ್ಲ" ಅಂದ, ಅವನ ಬಾಯಲ್ಲಿ ಅದು ದೊಡ್ಡ ಮಾತು. ಆದರೆ ಶನಿವಾರ ಬೀದಿ ಗೋಬಿಯೂ ತಿಂದಿದ್ದಾನೆ, ಶರ್ಟಿನ ಮೇಲೆ ಕಲೆ ಇತ್ತು. ನಾನು ನೋಡಲಿಲ್ಲ ಅಂದುಕೊಂಡಿದ್ದಾನೆ.

ಕಾಫಿ ಒಂದು ಗಂಟೆ ಮುಂದಕ್ಕೆ ಹಾಕುವುದು ಮಾತ್ರ ಇನ್ನೂ ಆಗಿಲ್ಲ. ಅರ್ಧ ಗಂಟೆಗೆ ಬಂದು ನಿಂತಿದ್ದೇನೆ. ಸಕ್ಕರೆ ಬಿಟ್ಟಿದ್ದೇನೆ, ಅಲ್ಲಿಗಲ್ಲಿಗೆ ಸರಿ ಮಾಡಿಕೊಳ್ಳಿ. ಸೀಬೆಹಣ್ಣು ಜೆರಾಕ್ಸ್ ಮಿಷಿನ್ ಮೇಲೆ ಇಡುತ್ತೇನೆ. ಬಂದ ಗಿರಾಕಿಗಳೂ ಒಂದೊಂದು ಎತ್ತಿಕೊಳ್ಳುತ್ತಾರೆ, ಖರ್ಚು ಜಾಸ್ತಿ ಆಗಿದೆ.

ಸೊಪ್ಪು ಸುತ್ತುವುದಕ್ಕೆ ಒಂದು ಹಳೇ ಪಂಚೆ ಹರಿದೆ. ಅದು ಹಳೇದಲ್ಲವಂತೆ. ಮದುವೆಯಲ್ಲಿ ಬೀಗರು ಕೊಟ್ಟಿದ್ದಂತೆ. ಹೆಂಡತಿಗೆ ವಿಡಿಯೋ ಕಾಲ್‌ನಲ್ಲಿ ಫ್ರಿಜ್ ತೋರಿಸಿ ಮೆಚ್ಚುಗೆ ತಗೊಳ್ಳೋಣ ಅಂತ ಹೋಗಿ ಸಿಕ್ಕಿಬಿದ್ದೆ.

ಈಗ ಇನ್ನೊಂದು ಪ್ರಶ್ನೆ. ಸೀಮೆಬದನೆ ಎರಡು ಕೆಜಿ ಇದೆ, ಅಗ್ಗಕ್ಕೆ ಸಿಕ್ಕಿತು ಅಂತ ತಂದೆ. ಪಲ್ಯ ಎರಡು ಸಲ ಆಯಿತು. ಮೂರನೇ ಸಲ ಮಾಡಿದರೆ ಅಮ್ಮ ಮತ್ತೆ ತಟ್ಟೆ ತಿರುಗಿಸುತ್ತಾರೆ.


ಹೊಳೆನರಸೀಪುರದ ಸೊಸೆ

ಸಿಪ್ಪೆ ಬಿಸಾಡಿಲ್ಲ ತಾನೇ? ಅದರದ್ದೇ ಚಟ್ನಿ ಮಾಡಬಹುದು. ಉದ್ದಿನಬೇಳೆ ಒಂದು ಚಮಚ, ನಾಲ್ಕು ಒಣಮೆಣಸು ಹುರಿದುಕೊಂಡು, ಸಿಪ್ಪೆಯನ್ನು ಅದೇ ಬಾಣಲೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ, ಹುಣಸೆಹಣ್ಣು ಹಾಕಿ ತರಿತರಿಯಾಗಿ ರುಬ್ಬಿ. ತಿರುಳು ಕೂಟಿಗೆ. ಕೂಟು ರಾತ್ರಿ ಬರೆಯುತ್ತೇನೆ ಅಣ್ಣಾ, ಒಲೆ ಮೇಲೆ ಸಾರಿದೆ.